4895ಕ್ಕೂ 4895ಕ್ಕೂ ಎಷ್ಟು ವ್ಯತ್ಯಾಸ?



ಈ ಸಲದ ವಿಷಯ ಸ್ವಲ್ಪ ಬೇರೆ. ಊರು, ಊಟ, ಹಬ್ಬ ಯಾವುದೂ ಅಲ್ಲ. ಕೋವಿಗೆ ಹಾಕೋ ಮದ್ದು! "ರಿಟೈರ್ ಆದಮೇಲೆ ಇವರಿಗೇನಾಯ್ತಪ್ಪಾ" ಅಂತ ನಗಬೇಡಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪುಣೆಯಲ್ಲಿ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು. ಮರದ ಸಾಮಾನಿಗೆ ಹಚ್ಚೋ ಲ್ಯಾಕರ್ ಇದೆಯಲ್ಲ, ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್. ರೈಫಲ್ಲಿನ ಹೊಗೆಯಿಲ್ಲದ ಮದ್ದಿನ ಮೂಲವಸ್ತುವೂ ಅದೇ. ಅದರಲ್ಲಿ ಸಾರಜನಕದ ಅಂಶ ಕೊಂಚ ಕಡಿಮೆ ಇದ್ದರೆ ಕುರ್ಚಿಗೆ ಹೊಳಪು, ಕೊಂಚ ಜಾಸ್ತಿ ಇದ್ದರೆ ಕೋವಿಗೆ ಮದ್ದು. ಹಾಗಾಗಿ ಈ ವಿಷಯ ನನಗೆ ಪೂರ್ತಿ ಹೊರಗಿನದೇನಲ್ಲ.

ವಿಷಯಕ್ಕೆ ಕಾರಣ ನನ್ನ ಅಕ್ಕನ ಮಗ. ಟೆಕ್ಸಾಸಿನಲ್ಲಿದ್ದಾನೆ, ಸಾಫ್ಟ್‌ವೇರ್ ಕೆಲಸ. ಇಲ್ಲಿಯ ಹುಡುಗರು ಭಾನುವಾರ ಕ್ರಿಕೆಟ್ಟಿಗೆ ಹೋದ ಹಾಗೆ ಅವನು ರೈಫಲ್ ತಗೊಂಡು ಗುರಿ ಹೊಡೆಯೋಕೆ ಹೋಗ್ತಾನೆ. ತೋಟಾಗಳನ್ನು ಅಂಗಡಿಯಿಂದ ಕೊಳ್ಳಲ್ಲ, ಮನೆಯಲ್ಲೇ ತುಂಬಿಕೊಳ್ತಾನೆ. ಅಲ್ಲಿ ಅದು ಕಾನೂನಿನ ಪ್ರಕಾರ ಸರಿ, ಲಕ್ಷಾಂತರ ಜನ ಮಾಡ್ತಾರೆ. 2020ರ ನಂತರ ಅಮೆರಿಕದಲ್ಲಿ ಮದ್ದಿಗೂ ಕೇಪಿಗೂ ಎಂಥಾ ಬರ ಬಂತು ಅಂದರೆ ಬೇಕಾದ ಡಬ್ಬಿ ಅಂಗಡಿಯಲ್ಲಿ ಸಿಗೋದೇ ಕಷ್ಟವಾಯ್ತು. ಆಗ ಒಂದು ದಿನ ಫೋನಿನಲ್ಲಿ ಕೇಳಿದ: "ಮಾವ, ನಾನು ಹಾಕ್ತಿದ್ದದ್ದು ಎಚ್ 4895. ಅದು ಸಿಗ್ತಿಲ್ಲ. ಐಎಂಆರ್ 4895 ಸಿಕ್ತಿದೆ. ಎರಡೂ 4895 ತಾನೆ? ಅಳತೆ ಅದೇ ಇಟ್ಟರೆ ಆಯ್ತಲ್ವಾ?"

ಅಲ್ಲ ಅಂದೆ. "ಎಲ್ಲರೂ ಹತ್ತಿರ ಹತ್ತಿರ ಒಂದೇ ಅಂತಾರಲ್ಲ" ಅಂದ. ಈ "ಹತ್ತಿರ ಹತ್ತಿರ ಒಂದೇ" ಅನ್ನೋ ಮಾತಿನ ಮೇಲೇ ನನ್ನ ಸಿಟ್ಟು. ಒಂದು ಮದ್ದಿನ ಬದಲು ಇನ್ನೊಂದು ಅನ್ನೋ ಥರದ ಪಟ್ಟಿಗಳನ್ನು ಗೋಡೆಗೆ ಅಂಟಿಸಿಕೊಂಡು ತೋಟಾ ತುಂಬೋರು ಅಲ್ಲಿ ಬೇಕಾದಷ್ಟಿದ್ದಾರೆ. ಆ ಪಟ್ಟಿಗಳನ್ನು ಹರಿದು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಮೊದಲು ಈ ತುಂಬೋ ಕೆಲಸ ಏನು ಅಂತ ಎರಡು ಮಾತು. ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ತೋಟಾ ಉಳಿಯುತ್ತೆ. ಅದರ ತಳದಿಂದ ಸುಟ್ಟ ಕೇಪು ತೆಗೆದು ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಹೊಸ ಗುಂಡು ಒತ್ತೋದು. ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ನಮ್ಮ ಅಕ್ಕಸಾಲಿಗರ ಗುಂಜಿಯ ಅರ್ಧಕ್ಕೆ ಹತ್ತಿರ. ಇವರು ಅದರಲ್ಲೂ ಹತ್ತನೇ ಒಂದು ಭಾಗಕ್ಕೆ ತಲೆ ಕೆಡಿಸಿಕೊಳ್ತಾರೆ. ಚಿನ್ನ ತೂಗೋ ಅಂಗಡಿಯಲ್ಲೂ ಇಷ್ಟು ನಾಜೂಕು ಇರಲಿಕ್ಕಿಲ್ಲ. ಇಷ್ಟು ನಾಜೂಕಾಗಿ ತೂಗೋ ಮನುಷ್ಯ, ಡಬ್ಬಿಯಲ್ಲಿರೋದು ಯಾವ ಮದ್ದು ಅನ್ನೋದರಲ್ಲಿ "ನಡೀತದೆ ಬಿಡು" ಅಂದರೆ ಏನು ಹೇಳೋಣ?

ನಾನು ಮಲೆನಾಡಿನವನು. ನಮ್ಮ ಅಜ್ಜನ ಕಾಲದಲ್ಲಿ ಮನೆಯಲ್ಲಿ ಕೇಪಿನ ಕೋವಿ ಇತ್ತು. ತೋಟಕ್ಕೆ ನುಗ್ಗೋ ಹಂದಿ ಓಡಿಸೋಕೆ. ಅದಕ್ಕೆ ಹಾಕ್ತಿದ್ದದ್ದು ಕರಿ ಮದ್ದು, ಪೆಟ್ಲುಪ್ಪು, ಗಂಧಕ, ಇದ್ದಿಲಿನದು. ಅಳತೆಗೆ ಒಂದು ಬಿದಿರಿನ ಗಂಟು. ತುಂಬಿ ನಳಿಗೆಗೆ ಸುರಿದರೆ ಮುಗೀತು. ಒಂದು ಚಿಟಿಕೆ ಹೆಚ್ಚಾದರೆ ಭುಜಕ್ಕೆ ಜೋರಾಗಿ ಒದೀತಿತ್ತು, ಕಡಿಮೆಯಾದರೆ ಈಡು ಮೆತ್ತಗೆ ಹೋಗ್ತಿತ್ತು. "ಮದ್ದು ಅಂದರೆ ಮದ್ದು" ಅನ್ನೋ ಧೋರಣೆ ಬಂದಿರೋದು ಅಲ್ಲಿಂದಲೇ. ನಮ್ಮ ಭಾಷೆಯಲ್ಲಂತೂ ಕಾಯಿಲೆಗೆ ಕೊಡೋದೂ ಮದ್ದು, ಕೋವಿಗೆ ಹಾಕೋದೂ ಮದ್ದು, ಆಗದವರಿಗೆ ಅನ್ನದಲ್ಲಿ ಹಾಕ್ತಾರೆ ಅಂತ ಹೆದರಿಸ್ತಿದ್ದದ್ದೂ ಮದ್ದು!

ಹೊಗೆಯಿಲ್ಲದ ಮದ್ದಿನ ಸ್ವಭಾವ ಬೇರೆ. ಕರಿ ಮದ್ದು ಉರಿಯೋ ವೇಗ ಸುತ್ತಲಿನ ಒತ್ತಡಕ್ಕೆ ಅಷ್ಟಾಗಿ ಬಗ್ಗೋದಿಲ್ಲ. ಇದು ಹಾಗಲ್ಲ. ಒತ್ತಡ ಏರಿದಷ್ಟೂ ಬೇಗ ಉರಿಯುತ್ತೆ, ಬೇಗ ಉರಿದಷ್ಟೂ ಒತ್ತಡ ಏರುತ್ತೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಇದ್ದ ಹಾಗೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಮೊದಲ ಬಾರಿಗೆ ಸೈನ್ಯಕ್ಕೆ ಕೊಡಬಹುದಾದಂಥ ಹೊಗೆಯಿಲ್ಲದ ಮದ್ದು ಮಾಡಿದ. ಒತ್ತಡಕ್ಕೂ ಉರಿಯೋ ವೇಗಕ್ಕೂ ಇರೋ ಸಂಬಂಧದ ನಿಯಮಕ್ಕೆ ಅವನ ಹೆಸರೇ ಇದೆ. 308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ಸಾಮಿ ಸಂಸ್ಥೆ ಇಟ್ಟಿರೋ ಮಿತಿ ಚದರ ಇಂಚಿಗೆ 62,000 ಪೌಂಡು. ನಿಮ್ಮ ಕಾರಿನ ಟೈರಿನಲ್ಲಿರೋದು 32ರ ಆಸುಪಾಸು. ಈ 62,000 ಹುಟ್ಟಿ ಇಳಿಯೋದು ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ. ಹೊಡೆಯೋನ ಕೆನ್ನೆ, ಕಣ್ಣು ಅದರಿಂದ ಒಂದು ಗೇಣು ದೂರದಲ್ಲಿ.

ಆದ್ದರಿಂದ ಮದ್ದು ತಯಾರಿಸೋರ ಕಸಬೆಲ್ಲಾ ಇರೋದು ಉರಿಯೋ ವೇಗವನ್ನು ಹಿಡಿದಿಡೋದರಲ್ಲಿ. ಕಡ್ಡಿ ಆಕಾರ ಮಾಡ್ತಾರೆ, ಅದರ ನಡುವೆ ತೂತು ಇಡ್ತಾರೆ. ಹೊರಗಿನಿಂದ ಸುಟ್ಟು ಸಣ್ಣಗಾದಷ್ಟೂ ತೂತು ಒಳಗಿನಿಂದ ಸುಟ್ಟು ದೊಡ್ಡದಾಗ್ತಾ ಹೋಗುತ್ತೆ, ಉರಿಯೋ ಮೈ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ. ಇಲ್ಲವೇ ಸಾಸಿವೆಯಂಥ ಗೋಲಿ ಮಾಡ್ತಾರೆ. ಮೇಲೆ ಉರಿ ತಡೆಯೋ ಲೇಪ ಕೊಡ್ತಾರೆ. ಕೆಲವಕ್ಕೆ ನೈಟ್ರೋಗ್ಲಿಸರಿನ್ ಸೇರಿಸ್ತಾರೆ, ಕೆಲವಕ್ಕೆ ಇಲ್ಲ. ಇಷ್ಟು ವ್ಯತ್ಯಾಸಗಳನ್ನು ಮುಚ್ಚಿ ಡಬ್ಬಿಯ ಮೇಲೆ ಒಂದು ನಂಬರು ಬರೀತಾರೆ.

ಈಗ ಆ ನಂಬರಿನ ಕಥೆಗೆ ಬರೋಣ. ಇದು ನಿಜಕ್ಕೂ ಸ್ವಾರಸ್ಯವಾಗಿದೆ.

ಐಎಂಆರ್ ಅನ್ನೋದು ಡ್ಯುಪಾಂಟ್ ಕಂಪನಿಯ ಸೈನ್ಯದ ರೈಫಲ್ ಮದ್ದುಗಳ ಸಾಲು. 4895, 4831 ಎಲ್ಲಾ ಆ ಸಾಲಿನವು. ಎರಡನೇ ಮಹಾಯುದ್ಧ ಮುಗಿದಾಗ ಸರಕಾರದ ಹತ್ತಿರ ರಾಶಿ ರಾಶಿ ಮದ್ದು ಉಳಿದುಬಿಟ್ಟಿತ್ತು. ಕ್ಯಾನ್ಸಸ್ ಕಡೆಯ ಬ್ರೂಸ್ ಹಾಡ್ಜ್‌ಡನ್ ಅನ್ನೋ ಮನುಷ್ಯ ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿ ಅದರಲ್ಲಿ 4895 ಕೊಂಡ. ಇಡೋಕೆ ಜಾಗ ಇಲ್ಲದೆ ಬಾಡಿಗೆಗೆ ಹಿಡಿದ ಹುಲ್ಲುಗಾವಲಿನಲ್ಲಿ ಹಳೇ ರೈಲಿನ ಡಬ್ಬಿ ತಂದಿಟ್ಟು ಅದರಲ್ಲಿ ತುಂಬಿದ. ಆಮೇಲೆ 20 ಮಿ.ಮೀ. ಫಿರಂಗಿಯ ತೋಟಾದ 4831 ಕೂಡಾ ಕೊಂಡು ಮಾರಿದ. ಮನೆಯಲ್ಲಿ ತೋಟಾ ತುಂಬೋ ಜನಕ್ಕೆ ಅಗ್ಗದ ಮದ್ದು ಸಿಕ್ಕಿದ್ದು ಇವನಿಂದ. ಅದರ ಹೆಸರು ಮುಂದೆ ಎಚ್ 4831 ಆಯ್ತು, ಎಚ್ ಅಂದರೆ ಹಾಡ್ಜ್‌ಡನ್. ಪುಸ್ತಕಗಳಲ್ಲಿ ಅಳತೆಗಳೂ ಅದರ ಮೇಲೇ ಬಂದವು.

ಹೀಗಿರುವಾಗ 1973ರಲ್ಲಿ ಡ್ಯುಪಾಂಟ್ ತಾನೇ ಐಎಂಆರ್ 4831 ಅಂತ ಹೊಸದಾಗಿ ಮಾರುಕಟ್ಟೆಗೆ ಬಿಟ್ಟಿತು. ನಂಬರು ಅದೇ. ಆದರೆ ಉರಿಯೋದು ಎಚ್ 4831ಗಿಂತ ಬೇಗ. ಎಚ್ 4831ರ ಗರಿಷ್ಠ ಅಳತೆಯಷ್ಟು ಇದನ್ನು ತುಂಬಿದರೆ ಒತ್ತಡ ಮಿತಿ ದಾಟುತ್ತೆ. ಮೂಲ ನಂಬರಿನ ಹಕ್ಕುದಾರ ಡ್ಯುಪಾಂಟೇ ಇರಬಹುದು, ವಾದಕ್ಕೆ ಒಪ್ಪೋಣ. ಆದರೆ ಜನ ಇಪ್ಪತ್ತು ವರ್ಷದ ಮೇಲೆ ಒಂದು ನಂಬರಿಗೆ ಒಂದು ಅಳತೆ ರೂಢಿ ಮಾಡಿಕೊಂಡಿರುವಾಗ ಅದೇ ನಂಬರಿನಲ್ಲಿ ಬೇರೆ ವೇಗದ ಮದ್ದು ಇಳಿಸೋದು ಹೊಣೆಗೇಡಿತನ ಅಂತಲೇ ನಾನು ಹೇಳ್ತೀನಿ. 2003ರಲ್ಲಿ ಹಾಡ್ಜ್‌ಡನ್ ಕಂಪನಿ ಐಎಂಆರ್ ಅನ್ನೇ ಕೊಂಡಿತು. ಎರಡೂ ಹೆಸರು ಒಂದೇ ಮನೆಗೆ ಬಂದವು. ಆಗಲಾದರೂ ಒಂದರ ನಂಬರು ಬದಲಾಯಿಸಬಹುದಿತ್ತು. ಮಾಡಲಿಲ್ಲ. ಹಳೇ ಹೆಸರಿಗೆ ಗಿರಾಕಿ ಇದ್ದಾರಲ್ಲ! 4350 ಅಂತೂ ಎಚ್, ಐಎಂಆರ್, ಅಕ್ಯುರೇಟ್ ಅಂತ ಮೂರು ಬ್ರ್ಯಾಂಡುಗಳಲ್ಲಿ ಬಂತು. ಮೂರಕ್ಕೂ ಬೇರೆ ಬೇರೆ ಅಳತೆಪಟ್ಟಿ.

(ಪುಣೆಯ ಕೆಲವು ಹೋಟೆಲುಗಳಲ್ಲಿ ಸಾಂಬಾರ್ ಅಂತ ಒಂದು ಸಿಹಿ ಬೇಳೆನೀರು ಕೊಡ್ತಾರೆ. ಹೆಸರು ಅದೇ. ಮುಖ ಸಿಂಡರಿಸಿ ಎದ್ದು ಬರಬಹುದು, ಅಷ್ಟೇ ನಷ್ಟ.)

ಇದರ ಉಲ್ಟಾನೂ ಇದೆ. ಎಚ್ 110 ಮತ್ತು ವಿಂಚೆಸ್ಟರ್ 296 ಎರಡೂ ಒಂದೇ ಮದ್ದು. ಎಚ್ 414 ಮತ್ತು ವಿಂಚೆಸ್ಟರ್ 760 ಕೂಡಾ ಹಾಗೇ. ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಕಾರ್ಖಾನೆಯಿಂದ ಬಂದು ಎರಡು ಡಬ್ಬಿ, ಎರಡು ಹೆಸರಿನಲ್ಲಿ ಮಾರಾಟ. ವರ್ಷಗಟ್ಟಲೆ ಜನ ಇವುಗಳಲ್ಲಿ ಯಾವುದು ಮೇಲು ಅಂತ ಜಗಳ ಆಡಿದ್ದಾರೆ! ಆಸ್ಟ್ರೇಲಿಯಾದ ಮುಲ್ವಾಲಾ ಕಾರ್ಖಾನೆಯ ಮದ್ದು ಅಲ್ಲಿ ಎಆರ್ 2206ಎಚ್ ಅಂತ, ಅಮೆರಿಕಕ್ಕೆ ಬಂದರೆ ಎಚ್ 4895. ಎಆರ್ 2209 ಅಂದರೆ ಎಚ್ 4350. ಗಮನಿಸಿ, ಆಸ್ಟ್ರೇಲಿಯಾದಲ್ಲಿ ಎಆರ್ 2206 ಅಂತಲೂ ಒಂದಿತ್ತು, ಕೊನೆಯ ಎಚ್ ಇಲ್ಲದೆ. ಅದು ಬೇರೆ ಮದ್ದು. ಒಂದು ಅಕ್ಷರ ಬಿಟ್ಟರೆ ಇನ್ನೊಂದು ಅಳತೆಪಟ್ಟಿ ಹುಡುಕಬೇಕು.

ಇನ್ನು ನಂಬರು ಯಾವುದಾದರೂ ಗುಣದ ಅಳತೆಯೇ ಅಂದರೆ ಅದೂ ಇಲ್ಲ. ಎಚ್ 380ಗೆ ಆ ಹೆಸರು ಬಂದದ್ದು ಬ್ರೂಸ್ ಹಾಡ್ಜ್‌ಡನ್ ತನ್ನ ಒಂದು ರೈಫಲ್ಲಿಗೆ 38.0 ಗ್ರೇನ್ ಹಾಕ್ತಿದ್ದ ಅಂತ. ಮಗುವಿಗೆ ಹುಟ್ಟಿದ ವಾರದ ಹೆಸರಿಟ್ಟ ಹಾಗೆ. ಅದನ್ನು ನೋಡಿ ಜಾತಕ ಬರೆಯೋಕಾಗುತ್ತಾ?

ಕಣ್ಣಿನಿಂದ ನೋಡಿ ತಿಳಿಯಬಹುದಲ್ಲ ಅಂತೀರಾ? ಎಚ್ 4895, ಐಎಂಆರ್ 4895 ಎರಡೂ ಬೂದುಗಪ್ಪಿನ ಸಣ್ಣ ಕಡ್ಡಿಗಳು. ಪಕ್ಕದಲ್ಲಿಟ್ಟರೂ ಹೇಳೋದು ಕಷ್ಟ. ಅದೇ ಎಚ್ 4831ರ ಕಡ್ಡಿಯನ್ನು ಗಿಡ್ಡ ಕತ್ತರಿಸಿ ಎಸ್‌ಸಿ ಅಂತ ಮಾಡಿದ್ದಾರೆ, ಅಳೆಯೋ ಯಂತ್ರದಲ್ಲಿ ಸಿಕ್ಕಿಕೊಳ್ಳದೆ ಸಲೀಸಾಗಿ ಇಳಿಯಲಿ ಅಂತ. ನೋಡೋಕೆ ಬೇರೆ, ಉರಿಯೋದು ಒಂದೇ. ಒಂದೇ ಥರ ಕಂಡದ್ದು ಬೇರೆ, ಬೇರೆ ಕಂಡದ್ದು ಒಂದೇ. ಹೇಗಿದೆ?

ಹೆಸರು ಬಿಡಿ, ವೇಗದ ಪಟ್ಟಿ ಇದೆಯಲ್ಲ ಅನ್ನೋರಿದ್ದಾರೆ. ನೂರಕ್ಕೂ ಹೆಚ್ಚು ಮದ್ದುಗಳನ್ನು ಬೇಗ ಉರಿಯೋದರಿಂದ ನಿಧಾನ ಉರಿಯೋದರವರೆಗೆ ಸಾಲಾಗಿ ಬರೆದ ಪಟ್ಟಿ. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಸುಟ್ಟು ಒತ್ತಡ ಅಳೆದು ಇಂಥ ಹೋಲಿಕೆ ಮಾಡ್ತಾರೆ. ಒಳ್ಳೆಯದೇ. ಆದರೆ ಆ ಪಟ್ಟಿ ಹೇಳೋದು ಸರತಿ ಮಾತ್ರ. ತರಗತಿಯಲ್ಲಿ ಹತ್ತನೇ ರ‍್ಯಾಂಕಿನ ಹುಡುಗನಿಗೂ ಹನ್ನೊಂದನೆಯವನಿಗೂ ಒಂದು ಅಂಕದ ಅಂತರವೋ ಮೂವತ್ತು ಅಂಕದ ಅಂತರವೋ ರ‍್ಯಾಂಕ್ ನೋಡಿ ಗೊತ್ತಾಗುತ್ತಾ? ಮೇಲಾಗಿ ಒಬ್ಬರ ಪಟ್ಟಿಯಲ್ಲಿ ಮುಂದಿರೋದು ಇನ್ನೊಬ್ಬರ ಪಟ್ಟಿಯಲ್ಲಿ ಹಿಂದಿರುತ್ತೆ. ಪಾತ್ರೆಯಲ್ಲಿ ಉರಿದ ಹಾಗೆ ನಳಿಗೆಯಲ್ಲಿ ಉರಿಯೋದಿಲ್ಲ. ಅಲ್ಲಿ ಗುಂಡು ಮುಂದೆ ಓಡ್ತಾ ಜಾಗ ದೊಡ್ಡದಾಗ್ತಾ ಇರುತ್ತೆ, ಗುಂಡಿನ ತೂಕ, ತೋಟಾದ ಒಳಗಿನ ಜಾಗ ಎಲ್ಲಾ ಲೆಕ್ಕಕ್ಕೆ ಬರುತ್ತೆ.

ನನ್ನ ಲ್ಯಾಕರ್ ದಿನಗಳ ಒಂದು ಮಾತು ಹೇಳ್ಬೇಕು. ನೈಟ್ರೋಸೆಲ್ಯುಲೋಸ್ ಆಲ್ಕೋಹಾಲಿನಲ್ಲಿ ನೆನೆಸಿದ ಸ್ಥಿತಿಯಲ್ಲಿ ಡ್ರಮ್ಮಿನಲ್ಲಿ ಬರ್ತಿತ್ತು. ಅದರ ದರ್ಜೆಗಳ ಹೆಸರೇ ಅರ್ಧ ಸೆಕೆಂಡು, ಕಾಲು ಸೆಕೆಂಡು ಅಂತ. ಅದನ್ನು ಕರಗಿಸಿದ ದ್ರಾವಣದಲ್ಲಿ ಉಕ್ಕಿನ ಗೋಲಿ ಬಿಟ್ಟರೆ ಗೊತ್ತಾದ ದೂರ ಇಳಿಯೋಕೆ ಹಿಡಿಯೋ ಸಮಯದ ಮೇಲೆ. ಇಬ್ಬರು ವ್ಯಾಪಾರಿಗಳ ಅರ್ಧ ಸೆಕೆಂಡಿನ ಡ್ರಮ್ಮು ಬಂದರೆ ಎರಡರ ಚೀಟಿಯೂ ಒಂದೇ, ಆದರೆ ಬಣ್ಣದ ತೊಟ್ಟಿಯಲ್ಲಿ ಒಂದಕ್ಕೆ ಥಿನ್ನರ್ ಜಾಸ್ತಿ ಬೇಡ್ತಿತ್ತು. ಅದಕ್ಕೇ ಪ್ರತಿ ಡ್ರಮ್ಮಿನ ಸ್ಯಾಂಪಲ್ ನಮ್ಮ ಮೇಜಿಗೆ ಬಂದು ಪಾಸಾಗದೆ ತೊಟ್ಟಿಗೆ ಹೋಗ್ತಿರಲಿಲ್ಲ. ಮರದ ಬಾಗಿಲಿಗೆ ಹಚ್ಚೋ ಬಣ್ಣಕ್ಕೇ ಇಷ್ಟು ತಪಾಸಣೆ.

ಮದ್ದಿನ ಕಾರ್ಖಾನೆಯಲ್ಲೂ ಹೀಗೇ. ತೋಟಾ ಕಾರ್ಖಾನೆಗಳಿಗೆ ಸಗಟಿನಲ್ಲಿ ಹೋಗೋ ಮದ್ದು ಲಾಟಿನಿಂದ ಲಾಟಿಗೆ ಏರುಪೇರಾಗುತ್ತೆ. ಅವರ ಹತ್ತಿರ ಒತ್ತಡ ಅಳೆಯೋ ನಳಿಗೆ ಇರುತ್ತೆ, ಪ್ರತಿ ಲಾಟಿಗೂ ಹೊಡೆದು ನೋಡಿ ತೂಕ ಹೊಂದಿಸಿಕೊಳ್ತಾರೆ. ಮನೆಯಲ್ಲಿ ತುಂಬೋರಿಗೆ ಮಾರೋ ಡಬ್ಬಿಯ ಮದ್ದನ್ನು ಮಾತ್ರ ಲಾಟುಗಳನ್ನು ಬೆರೆಸಿ ಒಂದು ಮಟ್ಟಕ್ಕೆ ತರ್ತಾರೆ, ಪುಸ್ತಕದ ಅಳತೆ ಸುಳ್ಳಾಗದಿರಲಿ ಅಂತ. ಅಂದರೆ ಆ ಭರವಸೆ ಇರೋದು ಆ ಹೆಸರಿನ ಆ ಡಬ್ಬಿಗೆ ಮಾತ್ರ. ನೀವು ಬೇರೆ ಡಬ್ಬಿ ತೆಗೆದ ಕ್ಷಣ ಭರವಸೆ ಮುಗೀತು.

"ಸರಿ ಮಾವ, ವೇಗ ಅಳೆಯೋ ಯಂತ್ರ ನನ್ನ ಹತ್ತಿರ ಇದೆ, ವೇಗ ಅಷ್ಟೇ ಬಂದರೆ ಒತ್ತಡವೂ ಅಷ್ಟೇ ಅಲ್ವಾ?" ಅಂತ ನಮ್ಮ ಹುಡುಗ ಕೇಳಿದ್ದ. ಇದಕ್ಕೆ ಉತ್ತರ ಕೊಡೋಕೆ ನಾನು ಅವನಿಗೆ ಹೇಳಿದ್ದು ಅವನ ದೇಶದ್ದೇ ಕಥೆ. ಒಬ್ಬಿಬ್ಬರ ಕೈಬೆರಳಿನ ಪ್ರಶ್ನೆ ಅಲ್ಲ ಅದು, ಒಂದು ಸೈನ್ಯದ್ದು.

ಎಂ 16 ರೈಫಲ್ ಗೊತ್ತಲ್ಲ, ವಿಯೆಟ್ನಾಂ ಯುದ್ಧದ್ದು. ಅದರ ತೋಟಾ ರೂಪುಗೊಂಡದ್ದು ಡ್ಯುಪಾಂಟಿನ ಐಎಂಆರ್ 4475 ಅನ್ನೋ ಕಡ್ಡಿ ಮದ್ದಿನ ಮೇಲೆ. ಸೈನ್ಯ ಕೇಳಿದ ವೇಗವನ್ನು ಒತ್ತಡದ ಮಿತಿಯೊಳಗೆ ದೊಡ್ಡ ಪ್ರಮಾಣದಲ್ಲಿ ಕೊಡೋದು ಆ ಮದ್ದಿಗೆ ಕಷ್ಟವಾಯ್ತು. 1964ರಲ್ಲಿ ಸೈನ್ಯ ಆಲಿನ್ ಕಂಪನಿಯ ಡಬ್ಲ್ಯುಸಿ 846 ಅನ್ನೋ ಗೋಲಿ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಎಲ್ಲಾ ಸರಿ. ಗುಂಡಿನ ವೇಗ ಬಂತು. ಗರಿಷ್ಠ ಒತ್ತಡ ಮಿತಿಯೊಳಗೇ ಇತ್ತು. ಹೋಲಿಸಿ ನೋಡಿದರೆ ಹೊಸದೇ ವಾಸಿ ಅನ್ನಿಸೋ ಹಾಗೆ!

ಆದರೆ ಎಂ 16 ನಳಿಗೆಯ ಮಧ್ಯದಲ್ಲಿ ಒಂದು ತೂತಿನಿಂದ ಅನಿಲ ಕದ್ದು ಅದರ ಬಲದಿಂದ ಮುಂದಿನ ತೋಟಾ ಏರಿಸಿಕೊಳ್ಳೋ ಯಂತ್ರ. ಗೋಲಿ ಮದ್ದಿನ ಒತ್ತಡ ನಿಧಾನ ಇಳಿಯೋದರಿಂದ ಆ ತೂತಿನ ಹತ್ತಿರ ಮೊದಲಿಗಿಂತ ಹೆಚ್ಚು ಒತ್ತಡ ಸಿಗ್ತಿತ್ತು. ನಿಮಿಷಕ್ಕೆ 750ರಿಂದ 850 ಸುತ್ತಿಗೆ ಅಂತ ಯೋಚಿಸಿದ್ದ ಯಂತ್ರ 900, 1000ದ ಕಡೆ ಓಡತೊಡಗಿತು. ಜೊತೆಗೆ ಆ ಮದ್ದಿನಲ್ಲಿ ಆಮ್ಲ ಕೊಲ್ಲೋಕೆ ಅಂತ ಇದ್ದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಪುಡಿಯೇ, ಅನಿಲದ ಕೊಳವೆಯಲ್ಲಿ ಗಟ್ಟಿ ಕಟ್ಟಿಕೊಳ್ತು. ಮೇಲಿಂದ ತೋಟಾ ಕೂರೋ ಗೂಡಿಗೆ ಕ್ರೋಮ್ ಲೇಪ ಇರಲಿಲ್ಲ, ಸೈನಿಕರಿಗೆ ಶುಚಿ ಮಾಡೋ ಸಾಮಾನನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ಮದ್ದು ಒಂದೇ ಕಾರಣ ಅಂತ ನಾನು ಹೇಳೋದಿಲ್ಲ. ಆದರೆ ಹೊಡೆದ ತೋಟಾ ಗೂಡಿನಲ್ಲೇ ಸಿಕ್ಕಿಕೊಂಡು, ಸಲಾಕೆಯಿಂದ ತಳ್ಳೋಕೆ ಒದ್ದಾಡ್ತಾ ಹುಡುಗರು ಸತ್ತ ವರದಿಗಳು ಬಂದವು. 1967ರಲ್ಲಿ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಸಂಸತ್ ಉಪಸಮಿತಿ ವಿಚಾರಣೆ ಮಾಡಿ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಮದ್ದು ಬದಲಾಯಿಸಿದ್ದನ್ನೇ ಮುಖ್ಯ ಕಾರಣ ಅಂದಿತು. ಗೊತ್ತಿದ್ದೂ ಸರಿಪಡಿಸದೆ ಬಿಟ್ಟ ಅಧಿಕಾರಿಗಳ ನಡತೆ ಅಪರಾಧದ ಅಂಚಿನದ್ದು ಅಂತ ಕಟುವಾಗಿ ಬರೆಯಿತು.

ನನ್ನ ಹೊಟ್ಟೆ ಉರಿಸೋದು ಇದರಲ್ಲಿನ ಇನ್ನೊಂದು ಸಂಗತಿ. ಹೊಸ ಮದ್ದಿನಲ್ಲಿ ರೈಫಲ್ಲುಗಳು ಸುತ್ತಿನ ವೇಗದ ಮಿತಿ ಮೀರ್ತಿದ್ದವು, ಪರೀಕ್ಷೆಯಲ್ಲಿ ಫೇಲಾಗ್ತಿದ್ದವು. ಅದಕ್ಕೆ ಕಾರ್ಖಾನೆಯ ಪರೀಕ್ಷೆಗೆ ಹಳೇ ಬಗೆಯ ಮದ್ದಿನ ತೋಟಾ ಬಳಸೋಕೆ ಕೋಲ್ಟ್ ಕಂಪನಿಗೆ ಅನುಮತಿ ಸಿಕ್ಕಿತು. ಪರೀಕ್ಷೆಗೆ ಒಂದು ಮದ್ದು, ಯುದ್ಧಕ್ಕೆ ಇನ್ನೊಂದು! ಪ್ರಯೋಗಾಲಯದಲ್ಲಿ ಜೀವನ ಕಳೆದವನಿಗೆ ಇದಕ್ಕಿಂತ ದೊಡ್ಡ ಪಾಪ ಕಾಣಿಸೋದಿಲ್ಲ. ಆಮೇಲೆ ಬಫರ್ ಬದಲಾಯ್ತು, ಕ್ರೋಮ್ ಬಂತು, ಮದ್ದಿನಲ್ಲಿ ಸುಣ್ಣದ ಅಂಶ ಇಳಿಸಿದರು. ಡಬ್ಲ್ಯುಸಿ 846ರ ಕುಟುಂಬದಿಂದ ಡಬ್ಲ್ಯುಸಿ 844 ಅಂತ ಬೇರೆ ಮಾಡಿ ಎಂ 16 ತೋಟಾಕ್ಕೆ ಇಟ್ಟರು. ಆ ಎರಡೂ ಮುಂದೆ ಮನೆಯಲ್ಲಿ ತುಂಬೋರ ಡಬ್ಬಿಗೂ ಬಂದವು, ಒಂದು ಬಿಎಲ್-ಸಿ(2) ಅಂತ, ಇನ್ನೊಂದು ಎಚ್ 335 ಅಂತ. ಅಕ್ಕಪಕ್ಕದ ಅಣ್ಣ ತಮ್ಮ. ಅವುಗಳನ್ನೂ "ಹತ್ತಿರ ಹತ್ತಿರ ಒಂದೇ" ಅನ್ನೋರಿದ್ದಾರೆ ಅಂದರೆ ನಂಬ್ತೀರಾ?

ಅಂದರೆ ವೇಗ ಒಂದೇ, ಗರಿಷ್ಠ ಒತ್ತಡ ಮಿತಿಯಲ್ಲೇ ಇದ್ದರೂ ಮಧ್ಯದ ದಾರಿ ಬೇರೆ. ಬೆಂಗಳೂರಿಂದ ಪುಣೆಗೆ ಎರಡು ಬಸ್ಸು ಒಂದೇ ಹೊತ್ತಿಗೆ ಬಂದವು ಅಂದಮಾತ್ರಕ್ಕೆ ಎರಡೂ ಒಂದೇ ಥರ ಓಡಿಸಿಕೊಂಡು ಬಂದವು ಅಂತಲ್ಲ. ದೊಡ್ಡ ಸೈನ್ಯಕ್ಕೇ, ಪ್ರಯೋಗಾಲಯ, ಒತ್ತಡದ ಯಂತ್ರ ಎಲ್ಲಾ ಇದ್ದೋರಿಗೇ ಇದು ಮೊದಲು ಹೊಳೆಯದೆ ಹೋಯ್ತು. ಗ್ಯಾರೇಜಿನಲ್ಲಿ ಕೂತು ತಕ್ಕಡಿ ಹಿಡಿದವನ ಹತ್ತಿರ ಏನಿದೆ? ಕೇಪು ಚಪ್ಪಟೆಯಾಯ್ತಾ, ಬೋಲ್ಟ್ ಬಿಗಿಯಾಯ್ತಾ ಅಂತ ನೋಡ್ತಾರೆ. ಆ ಲಕ್ಷಣಗಳು ಕಾಣಿಸೋ ಹೊತ್ತಿಗೆ ಒತ್ತಡ ಮಿತಿ ದಾಟಿ ಹೋಗಿರಬಹುದು.

ನನ್ನ ಮಾತಿಗೆ ವಿರುದ್ಧವಾಗಿ ಅಲ್ಲಿನ ಹಳಬರು ಹೇಳೋ ವಾದ ಒಂದಿದೆ. ಅದನ್ನೂ ಹೇಳ್ಬೇಕು, ಯಾಕಂದರೆ ಅದು ಪೊಳ್ಳಲ್ಲ. "ಹೊಸ ಮದ್ದಾದರೆ ಅಳತೆ ನೂರಕ್ಕೆ ಹತ್ತು ಇಳಿಸಿ ಶುರು ಮಾಡು, ನಿಧಾನ ಏರಿಸು, ಎಲ್ಲಾ ಸರಿಹೋಗುತ್ತೆ. ಯುದ್ಧದ ನಂತರ ನಾವು ಚೀಲಗಟ್ಟಲೆ ಮದ್ದನ್ನು ಹಾಗೇ ಉಪಯೋಗಿಸಲಿಲ್ವಾ?" ಅಂತ. ಹತ್ತು ಇಳಿಸಿ ಏರಿಸೋದು ಒಳ್ಳೇ ಪದ್ಧತಿಯೇ. ಆದರೆ ಆ ಹತ್ತನ್ನು ಇಳಿಸೋದು ಯಾವುದರಿಂದ? ಆ ಮದ್ದಿನದೇ ಅಳತೆಯಿಂದ ಇಳಿಸಿದರೆ ಅರ್ಥ ಇದೆ. ಪಕ್ಕದ ಮನೆಯವರ ಬಿಪಿ ಮಾತ್ರೆಯನ್ನು ಹತ್ತು ಪರ್ಸೆಂಟ್ ಕಡಿಮೆ ಮಾಡಿ ನುಂಗಿದರೆ ಅದು ನನ್ನ ಮಾತ್ರೆ ಆಗುತ್ತಾ?

ಇನ್ನೂ ಒಂದು. ಇಳಿಸೋದೇ ಅಪಾಯ ಇರೋ ಮದ್ದೂ ಇದೆ. ಎಚ್ 110, ಅಂದರೆ ವಿಂಚೆಸ್ಟರ್ 296, ಅದರ ಅಳತೆಯನ್ನು ನೂರಕ್ಕೆ ಮೂರಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ಮಾರೋರೇ ಎಚ್ಚರಿಸಿದ್ದಾರೆ. ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ನಿಂತರೆ ಮುಂದಿನ ಈಡಿಗೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಅದೇ ಹಾಡ್ಜ್‌ಡನ್ ಕಂಪನಿ ಎಚ್ 4895 ಮದ್ದಿಗೆ ಮಾತ್ರ, ತಾನು ಅದಕ್ಕೆ ಅಳತೆ ಕೊಟ್ಟಿರೋ ರೈಫಲ್ ತೋಟಾಗಳಲ್ಲಿ, ಗರಿಷ್ಠದ ನೂರಕ್ಕೆ 60ರವರೆಗೆ ಇಳಿಸಬಹುದು ಅಂತ ಹೇಳಿದೆ, ಎಳೆಯರಿಗೆ ಮೆತ್ತಗಿನ ಈಡು ಬೇಕಾದಾಗ. ಒಂದಕ್ಕೆ ಮೂರು, ಒಂದಕ್ಕೆ ನಲವತ್ತು. ಈ ಅರವತ್ತರ ಲೆಕ್ಕ ಹೇಳಿರೋದು ಎಚ್ ಇರೋ 4895ಕ್ಕೆ. ಎರಡೂ 4895 ಒಂದೇ ಅಂದುಕೊಂಡವನು ಇದನ್ನೂ ಐಎಂಆರ್ ಡಬ್ಬಿಗೆ ಹಚ್ಚಿಬಿಡ್ತಾನೆ. ನನ್ನ ಭಯ ಇರೋದೇ ಅಲ್ಲಿ.

ಹಾಗಾದರೆ ಹೋಲಿಸಲೇಬಾರದಾ? ಹೋಲಿಸಿ. ಆದರೆ ಅಳತೆ ಎರವಲು ಪಡೆಯೋಕಲ್ಲ, ಯಾವುದನ್ನು ಕೊಳ್ಳೋಣ ಅಂತ ತೀರ್ಮಾನಿಸೋಕೆ. ಅಮೆರಿಕದವರ ಹೋಲಿಕೆಗಳೆಲ್ಲಾ ಯಾವುದು ಸೆಕೆಂಡಿಗೆ ಐವತ್ತು ಅಡಿ ಜಾಸ್ತಿ ಓಡಿಸುತ್ತೆ ಅನ್ನೋದರ ಸುತ್ತ ಇರ್ತವೆ. ಕಾಗದದ ಗುರಿಗೆ ಐವತ್ತು ಅಡಿ ಜಾಸ್ತಿ ಯಾಕೆ ಬೇಕೋ ನನಗಂತೂ ತಿಳಿಯದು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು, ನನ್ನ ತೋಟಾಕ್ಕೂ ನನ್ನ ಗುಂಡಿನ ತೂಕಕ್ಕೂ ಈ ಮದ್ದಿನ ಪರೀಕ್ಷಿಸಿದ ಅಳತೆ ಪುಸ್ತಕದಲ್ಲಿ ಇದೆಯಾ ಅಂತ. ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಆಮೇಲೆ ಬಿಸಿಲು. ಮದ್ದು ಬಿಸಿಯಾದರೆ ಒತ್ತಡ ಏರುತ್ತೆ. ಚಳಿಗಾಲದಲ್ಲಿ ಗರಿಷ್ಠ ಅಳತೆಗೆ ಹೊಂದಿಸಿದ ತೋಟಾ ರಾಯಚೂರಿನ ಏಪ್ರಿಲ್ಲಿನಂಥ ಬಿಸಿಲಲ್ಲಿ, ಮುಚ್ಚಿದ ಕಾರಿನಲ್ಲಿ ಕಾದು ಕೂತಿದ್ದರೆ ಅದೇ ತೋಟಾ ಆಗಿ ಉಳಿಯಲ್ಲ. ಈ ವಿಷಯದಲ್ಲಿ ಮುಲ್ವಾಲಾದ ಕಡ್ಡಿ ಮದ್ದುಗಳು ಹಳೇ ಐಎಂಆರ್‌ಗಳಿಗಿಂತ ಸ್ಥಿರ ಅಂತ ಹೆಸರು ಮಾಡಿವೆ, ಟೆಕ್ಸಾಸಿನವನಿಗೆ ಅದು ದುಡ್ಡು ಕೊಡಬೇಕಾದ ಗುಣ. ಅಳೆಯೋ ಯಂತ್ರದಲ್ಲಿ ಸಲೀಸಾಗಿ ಇಳಿಯುತ್ತಾ ಅನ್ನೋದು ಅದರ ನಂತರ. ವೇಗ ಕೊನೆಗೆ.

ಈ ಹೋಲಿಕೆಯ ಜಗಳ ಹೊಸದೇನಲ್ಲ ಬಿಡಿ. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಬ್ಯಾಲಿಸ್ಟೈಟ್ ಅಂತ ಮದ್ದು ಮಾಡಿ ಪೇಟೆಂಟ್ ಪಡೆದ. 1889ರಲ್ಲಿ ಏಬಲ್ ಮತ್ತು ಡ್ಯೂಯರ್ ಬ್ರಿಟಿಷ್ ಸರಕಾರಕ್ಕೆ ಕಾರ್ಡೈಟ್ ಮಾಡಿಕೊಟ್ಟರು. ಎರಡರಲ್ಲೂ ನೈಟ್ರೋಸೆಲ್ಯುಲೋಸ್, ನೈಟ್ರೋಗ್ಲಿಸರಿನ್. ನನ್ನದನ್ನೇ ಕದ್ದಿದ್ದಾರೆ ಅಂತ ನೊಬೆಲ್ ಕಡೆಯವರು ಕೋರ್ಟಿಗೆ ಹೋದರು. ಪೇಟೆಂಟಿನಲ್ಲಿ ಕರಗೋ ಬಗೆಯ ನೈಟ್ರೋಸೆಲ್ಯುಲೋಸ್ ಅಂತ ಬರೆದಿತ್ತು, ಕಾರ್ಡೈಟಿನಲ್ಲಿದ್ದದ್ದು ಕರಗದ ಬಗೆಯದು. ಅಷ್ಟೇ ಮಾತಿನ ಮೇಲೆ 1895ರಲ್ಲಿ ಕೊನೆಯ ಕೋರ್ಟಿನಲ್ಲೂ ನೊಬೆಲ್ ಸೋತ. ನ್ಯಾಯವೋ ಅನ್ಯಾಯವೋ, ಒಂದು ವಿಶೇಷಣ ಇಡೀ ಮದ್ದನ್ನೇ ಬೇರೆ ಮಾಡಿತು. ಆ ಕಾರ್ಡೈಟ್ ಎಷ್ಟು ಬಿಸಿ ಉರಿಯಿತೆಂದರೆ ಮೆಟ್ಫರ್ಡ್ ನಳಿಗೆಯ ಆಳವಿಲ್ಲದ ಸುರುಳಿಗೆರೆಗಳು ಸವೆದು ಹೋಗಿ, 1895ರಲ್ಲಿ ಬ್ರಿಟಿಷರು ಎನ್‌ಫೀಲ್ಡ್ ನಳಿಗೆಗೆ ಹೋಗಬೇಕಾಯ್ತು. ಮದ್ದು ಬದಲಾಯಿಸಿದ್ದಕ್ಕೆ ರೈಫಲ್ಲೇ ಬದಲಾಯ್ತು!

ಕಾರ್ಡೈಟ್ ನಮ್ಮ ನೆರೆಗೂ ಬಂತು. ಊಟಿ ರೈಲಿನಲ್ಲಿ ಹೋದವರು ಕೂನೂರು ದಾಟಿದ ಮೇಲೆ ಅರುವಂಕಾಡು ನಿಲ್ದಾಣ ನೋಡಿರ್ತೀರಿ. ಅಲ್ಲಿಯ ಕಾರ್ಡೈಟ್ ಕಾರ್ಖಾನೆ 1903ರದ್ದು. ನಮ್ಮ ಪುಣೆಯ ಖಡ್ಕಿಯ ತೋಟಾ ಕಾರ್ಖಾನೆ 1869ರದ್ದು. 2021ರಲ್ಲಿ ಸರಕಾರ ಇವನ್ನೆಲ್ಲಾ ಕಂಪನಿಗಳಾಗಿ ಮಾಡಿದಾಗ ಎರಡೂ ಮ್ಯುನಿಷನ್ಸ್ ಇಂಡಿಯಾ ಅನ್ನೋ ಕಂಪನಿಗೆ ಸೇರಿದವು, ಅದರ ಕಚೇರಿಯೂ ಪುಣೆಯಲ್ಲೇ.

ಇಲ್ಲಿ ಓದೋರಲ್ಲಿ ಯಾರಾದರೂ ಮನೆಯಲ್ಲಿ ತುಂಬಿ ನೋಡೋಣ ಅಂದುಕೊಂಡರೆ, ಭಾರತದಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋ ಹಾಗಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋ ವಿನಾಯಿತಿ 3 ಮತ್ತು 4ನೇ ಕಲಮಿನದು, ಅಂದರೆ ಕೋವಿ ಇಟ್ಟುಕೊಳ್ಳೋದಕ್ಕೆ.

ಮಕ್ಕಳು, ಅಳಿಯಂದಿರು ಅಮೆರಿಕದಲ್ಲಿದ್ದು ಈ ಹವ್ಯಾಸ ಹಿಡಿದಿದ್ದರೆ ಅವರಿಗೆ ಇಷ್ಟು ಹೇಳಿ. ಡಬ್ಬಿಯ ಮೇಲೆ ನಂಬರು ಮಾತ್ರ ಓದಬೇಡ, ಮುಂದಿನ ಅಕ್ಷರ, ಹಿಂದಿನ ಅಕ್ಷರ ಎಲ್ಲಾ ಓದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ. ಯಂತ್ರದಲ್ಲಿ ಉಳಿದದ್ದನ್ನು ಆಗಿಂದಾಗಲೇ ಅದರ ಡಬ್ಬಿಗೇ ಸುರಿ. ಯಾವ ಮದ್ದು ಅಂತ ನೂರಕ್ಕೆ ನೂರು ಗೊತ್ತಿಲ್ಲದ್ದನ್ನು ನಾಲ್ಕು ಕಾಸಿನ ಆಸೆಗೆ ಉಳಿಸಿಕೊಳ್ಳಬೇಡ.

ಅಂದ ಹಾಗೆ ಅರುವಂಕಾಡಿನಲ್ಲೋ ಖಡ್ಕಿಯಲ್ಲೋ ಕೆಲಸ ಮಾಡಿದ ಕನ್ನಡದವರು ಯಾರಾದರೂ ಇದನ್ನು ಓದಿದರೆ, ಲಾಟು ಬೆರೆಸೋ ಪದ್ಧತಿ ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ ಹೇಳೋಕಾಗೋ ಮಟ್ಟಿಗೆ ನಾಲ್ಕು ಸಾಲು ಬರೆದು ತಿಳಿಸಿ. ನಮ್ಮ ಲ್ಯಾಕರಿನವರ ಪದ್ಧತಿಯ ಜೊತೆ ಇಟ್ಟು ನೋಡಬೇಕು ಅಂತ ಆಸೆ.